ಮುಖದ ಪಕ್ಕದ ಗೆರೆ

ನಮ್ಮ ಶ್ರೀನಿವಾಸಪುರದಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಗೊತ್ತಾಗುವುದು ಮನೆಯವರಿಗೆ, ಆಮೇಲೆ ನನಗೆ. ನೆಂಟರಿಗೆ ಫೋನು ಹೋಗುವ ಮುಂಚೆಯೇ ನನ್ನ ಅಂಗಡಿಗೆ ಫೋಟೊ ಬಂದಿರುತ್ತದೆ. ಹೆಣ ಆಸ್ಪತ್ರೆಯಿಂದ ಊರು ಸೇರುವಷ್ಟರಲ್ಲಿ ಸರ್ಕಲ್ಲಿನಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ಯ ಫ್ಲೆಕ್ಸು ನಿಂತಿರಬೇಕು. ಇಲ್ಲದಿದ್ದರೆ ಊರಿನ ಹುಡುಗರಿಗೆ ತಲೆ ತಗ್ಗಿಸಿದ ಹಾಗೆ. ನನ್ನ ಯಜಮಾನರು ಇದ್ದಾಗ ಬ್ರಷ್ಷಿನಲ್ಲಿ ಬೋರ್ಡು ಬರೆಯುತ್ತಿದ್ದರು. ಅವರು ಹೋದ ಮೇಲೆ ನಾನು ಮಿಷನ್ನು ಹಾಕಿಸಿದೆ. ಹುಟ್ಟುಹಬ್ಬಕ್ಕೂ ಸಾವಿಗೂ ಅದೇ ಮಿಷನ್ನು, ಅದೇ ಮಸಿ. ಬದಲಾಗುವುದು ಮೇಲಿನ ಸಾಲು ಒಂದೇ.

ನಾನೀಗ ಹೇಳಹೊರಟಿರುವ ಹುಡುಗಿ ನನ್ನ ಅಂಗಡಿಗೆ ಬಂದದ್ದೂ ಇಂಥದೊಂದು ಫ್ಲೆಕ್ಸಿನ ಜಗಳ ಹಿಡಿದುಕೊಂಡೇ. ಅವಳ ಹೆಸರು ಬರೆಯುವುದಿಲ್ಲ. ಬರೆಯಬೇಡಿ ಎಂದು ಅವಳ ತಾಯಿ ಕೇಳಿಕೊಂಡಿದ್ದಾರೆ. ಯಾಕೆ ಎಂಬುದು ಕೊನೆಗೆ ನಿಮಗೇ ತಿಳಿಯುತ್ತದೆ.

ಮಧ್ಯಾಹ್ನದ ಬಿಸಿಲಲ್ಲಿ ಒಳಗೆ ಬಂದು ಮಡಿಸಿದ ಹಳೇ ಫ್ಲೆಕ್ಸೊಂದನ್ನು ನನ್ನ ಮೇಜಿನ ಮೇಲೆ ಬಿಡಿಸಿದಳು. ಟೊಮೆಟೊ ರಸ ಒಣಗಿ ಅಂಟಂಟಾಗಿತ್ತು. ನಡುವೆ ಒಬ್ಬ ಗಂಡಸಿನ ಮುಖ. ಎರಡು ಕಡೆ ದೀಪ, ಕೆಳಗೆ ತಾವರೆ, ಮೇಲೆ ಹಾರುವ ಗಿಣಿಗಳು.

“ಆಂಟಿ, ಇದು ನಿಮ್ಮಂಗಡೀದಾ?”

“ಹೂಂ. ಏನೀಗ?”

“ಇವ್ರು ನಮ್ಮಪ್ಪ. ಈ ಗಿಣಿ ಯಾಕೆ ಹಾಕಿದ್ರಿ? ನಮ್ಮಪ್ಪನಿಗೂ ಗಿಣಿಗೂ ಏನ್ ಸಂಬಂಧ?”

ನನಗೆ ಮೂಗಿನ ತುದಿಯಲ್ಲಿ ಕೋಪ. “ಗಿಣಿ ಎಲ್ರಿಗೂ ಹಾಕ್ತೀವಿ ಕಣೇ” ಎಂದೆ.

“ಅದನ್ನೇ ಕೇಳ್ತಿರೋದು” ಎಂದಳು. ದನಿ ಏರಿಸಲಿಲ್ಲ. ನಾನು ಕುರ್ಚಿ ಎಳೆದು ಕೊಟ್ಟೆ.

ಅವಳದು ಗೌನಿಪಲ್ಲಿ ಕಡೆಯ ಒಂದು ಹಳ್ಳಿ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಹಾಗೆ. ಅಪ್ಪ ಮಾವಿನ ಮಂಡಿಯಲ್ಲಿ ಹಮಾಲಿ. ಅವಳು ಪಿಯುಸಿಯಲ್ಲಿದ್ದಾಗ ಲಾರಿಯ ಲೋಡಿನ ಮೇಲಿಂದ ಬಿದ್ದು ಸತ್ತಿದ್ದ. ನಮ್ಮ ಫ್ಲೆಕ್ಸು ಸರ್ಕಲ್ಲಿನಲ್ಲಿ ನಿಂತು, ತಿಥಿ ಮುಗಿದ ಮೇಲೆ ಎಲ್ಲ ಫ್ಲೆಕ್ಸುಗಳ ಹಾಗೆ ಮಾಯವಾಗಿತ್ತು. ಎಲ್ಲಿಗೆ ಹೋಗುತ್ತವೆ ಎಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ದನದ ಕೊಟ್ಟಿಗೆಗೆ ಸೂರು, ಬಚ್ಚಲಿಗೆ ಗೋಡೆ, ಹುಲ್ಲಿನ ಬಣವೆಗೆ ಹೊದಿಕೆ. ಗಟ್ಟಿ ಪ್ಲಾಸ್ಟಿಕ್ಕು ಯಾರು ಬಿಡುತ್ತಾರೆ? ಆದರೆ ಕಾಲೇಜಿನಿಂದ ರಜೆಗೆ ಬಂದವಳಿಗೆ ಮಾರ್ಕೆಟ್ಟಿನಲ್ಲಿ ನಡೆದು ಬರುವಾಗ ಟೊಮೆಟೊ ರಾಶಿಯ ಕೆಳಗೆ ಅಪ್ಪನ ಕಣ್ಣು ಕಂಡಿತ್ತು. ರಾಶಿಯವನಿಗೆ ಹೊಸ ಟಾರ್ಪಾಲು ಕೊಡಿಸುತ್ತೇನೆಂದು ಹೇಳಿ ಅದನ್ನು ಬಿಡಿಸಿಕೊಂಡು ಬಂದಿದ್ದಳು.

ಆಗ ಅವಳು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಡಿಸೈನ್ ಓದುತ್ತಿದ್ದಳು. ರಜೆಯಲ್ಲೆಲ್ಲ ನನ್ನ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ ಎಂದಳು. ಗಿಣಿಯ ಮೇಲಿನ ಸಿಟ್ಟಿಗೆ ನನ್ನ ಕಂಪ್ಯೂಟರು ಹಾಳು ಮಾಡುತ್ತಾಳೇನೋ ಎಂದು ಹೆದರಿದೆ. ಹಾಳೇನೂ ಮಾಡಲಿಲ್ಲ, ಆದರೆ ನೆಮ್ಮದಿಯಾಗಿರಲೂ ಬಿಡಲಿಲ್ಲ.

ಸಣಕಲು ದೇಹ, ಎಣ್ಣೆ ಕಾಣದ ಕೂದಲು, ದೊಡ್ಡ ಚಪ್ಪಲಿ. ಹೋದಲ್ಲೆಲ್ಲ ಎಲೆ ಕಿತ್ತುಕೊಂಡು ಬರುತ್ತಿದ್ದಳು. ಹೆಬ್ಬೆರಳಿನಲ್ಲಿ ಎಲೆಯ ನರ ತಡವುತ್ತಾ ಮಾತಾಡುವುದು ಅವಳ ಅಭ್ಯಾಸ. ಎದುರಿಗಿದ್ದವರನ್ನು ನೋಡುತ್ತಿದ್ದಾಳೋ ಎಲೆಯನ್ನೋ ಗೊತ್ತಾಗುತ್ತಿರಲಿಲ್ಲ. ನನ್ನ ಕೀಬೋರ್ಡಿನ ಕೆಳಗೆ, ಬಿಲ್ ಪುಸ್ತಕದ ಒಳಗೆ, ಎಲ್ಲಿ ನೋಡಿದರೂ ಒಣ ಎಲೆ. “ಇದೇನ್ ಅಂಗ್ಡೀನಾ, ಆಡಿನ ಕೊಟ್ಟಿಗೇನಾ?” ಎಂದು ನಾನು ಬೈದರೆ “ಆಡು ಬಂದ್ರೆ ಬರ್ಲಿ ಬಿಡಿ ಆಂಟಿ, ಅದಕ್ಕಾದ್ರೂ ಎಲೆ ಅಂದ್ರೆ ಏನಂತ ಗೊತ್ತು” ಎನ್ನುತ್ತಿದ್ದಳು. ನನ್ನ ಹತ್ತಿರ ಇದ್ದ ರೆಡಿಮೇಡ್ ಹೂವು, ಬಳ್ಳಿ, ದೀಪಗಳಿಗೆಲ್ಲ ಅವಳು ಇಟ್ಟ ಹೆಸರು ‘ಸುಳ್ಳು ಹೂವು’. ಗಿರಾಕಿಗಳ ಎದುರಿಗೇ ಹಾಗೆ ಅನ್ನುತ್ತಿದ್ದಳು, ನನ್ನ ಮಾನ ಹೋಗುತ್ತಿತ್ತು.

ಸಾವಿನ ಫ್ಲೆಕ್ಸಿಗೆ ಬಂದವರಿಗೆ ಅವಳು ಎರಡು ಪ್ರಶ್ನೆ ಕೇಳುತ್ತಿದ್ದಳು. “ಅವ್ರ ಬಾಯಲ್ಲಿ ಯಾವಾಗ್ಲೂ ಇರ್ತಿದ್ದ ಮಾತು ಯಾವ್ದು? ಅವ್ರ ಸುತ್ತಮುತ್ತ ಯಾವ ಗಿಡ ಇತ್ತು?” ಅವಸರದಲ್ಲಿ ಬಂದವರು ಕಣ್ಣು ಕಣ್ಣು ಬಿಡುತ್ತಿದ್ದರು. ಆಮೇಲೆ ಯಾರಾದರೂ ಒಬ್ಬರು ಆ ಮಾತನ್ನು ಸತ್ತವರ ಹಾಗೇ ಆಡಿ ತೋರಿಸುತ್ತಿದ್ದರು. ಅದನ್ನು ಅವಳು ಫೋನಿನಲ್ಲಿ ಹಿಡಿಯುತ್ತಿದ್ದಳು. ಕಂಪ್ಯೂಟರಿನಲ್ಲಿ ಆ ದನಿ ಏರಿಳಿಯುವ ಗೆರೆಯಾಗಿ ಕಾಣುತ್ತಿತ್ತು. ದನಿ ಏರಿದಲ್ಲಿ ಕೊಂಬೆ ಮೇಲೇಳುವ ಹಾಗೆ, ಇಳಿದಲ್ಲಿ ಬಾಗುವ ಹಾಗೆ, ನಿಂತಲ್ಲಿ ಎಲೆ ಒಡೆಯುವ ಹಾಗೆ ಅವಳೇ ಏನೋ ಒಂದು ಕಟ್ಟಿಕೊಂಡಿದ್ದಳು. ಗಿಡ ಯಾವುದೆಂದು ಹೇಳಿದರೆ ಅದರ ಎಲೆ, ಅದರ ನರ. ಪರದೆಯ ಮೇಲೆ ಒಂದು ಮಾತು ನಿಧಾನಕ್ಕೆ ಗಿಡವಾಗುತ್ತಿತ್ತು. ಮೊದಲ ಸಲ ನೋಡಿದಾಗ ನನ್ನ ಟೀ ಆರಿಹೋಯಿತು.

ಒಬ್ಬ ಅಜ್ಜಿ ಏನೇ ಆದರೂ “ಆಗ್ಲಿ ಬಿಡು” ಎನ್ನುತ್ತಿದ್ದರಂತೆ. ಅದು ಅವರೆ ಬಳ್ಳಿಯಾಗಿ ಫ್ಲೆಕ್ಸಿನ ತುಂಬ ಹಬ್ಬಿತು. ಮಗ ಮೀಸೆ ಹೊತ್ತ ಗಂಡಸು, ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತ. “ಅಮ್ಮ ಹಿಂಗೇ ಅಂತಿದ್ಳು, ಕೊನೇಲಿ ಎಳೀತಿದ್ಳು” ಎಂದು ಬಳ್ಳಿಯ ತುದಿ ತೋರಿಸಿದ. ಅಷ್ಟು ವರ್ಷ ನಾನು ಗಿಣಿ ಹಾಕಿದ್ದೆ, ಒಬ್ಬರೂ ಅತ್ತಿರಲಿಲ್ಲ.

ಇನ್ನೊಂದು ಸಲ ಹಾಸಿಗೆ ಹೊಲಿಯುವ ಸಾಬರ ಮನೆಯವರು ಬಂದರು. ಹಿರಿಯರು ತೀರಿಕೊಂಡಿದ್ದರು. ಗೆಳೆಯರೆಲ್ಲ ಸೇರಿ ಬೋರ್ಡು ಹಾಕಬೇಕೆಂದಿದ್ದಾರೆ, ಆದರೆ ಮನೆಯವರಿಗೆ ಫೋಟೊ ಹಾಕುವುದು ಬೇಡ. ನಾನಾಗಿದ್ದರೆ ಮುಖವಿಲ್ಲದೆ ಎಂಥ ಫ್ಲೆಕ್ಸು ಎಂದು ಕಳಿಸಿಬಿಡುತ್ತಿದ್ದೆ. ಇವಳು ಕೇಳಿದಳು. ಆ ಹಿರಿಯರು ಯಾರು ಏನು ಕೊಡಲು ಬಂದರೂ “ನಕ್ಕೋ, ನಕ್ಕೋ” ಎನ್ನುತ್ತಿದ್ದರಂತೆ, ಬೇಡ ಬೇಡ ಎಂದು. ಅವರ ಅಂಗಡಿಯ ಮುಂದೆ ಹುಣಸೆ ಮರ. ಪುಟ್ಟಪುಟ್ಟ ಹುಣಸೆ ಎಲೆಗಳ ಎರಡು ಗರಿ ಫ್ಲೆಕ್ಸಿನುದ್ದಕ್ಕೂ ಅಲುಗಾಡುತ್ತಿರುವ ಹಾಗೆ ಮಾಡಿದಳು. ಆಮೇಲೆ ಅವರು ಅದನ್ನು ತಮ್ಮ ಅಂಗಡಿಯ ಮುಂದೆ ಬಿಸಿಲಿಗೆ ಕಟ್ಟಿದರು. ಅದರ ನೆರಳಲ್ಲೇ ಹತ್ತಿ ಹಿಂಜಿದರು. ಯಾರಿಗೂ ಕಸಿವಿಸಿ ಇಲ್ಲ, ಯಾರ ಮುಖದ ಮೇಲೂ ಏನೂ ಬೀಳುತ್ತಿಲ್ಲ. ಅವಳು ರಸ್ತೆಯ ಆಚೆ ನಿಂತು ಅದನ್ನೇ ನೋಡಿದಳು.

ಮಾರನೆಯ ದಿನದಿಂದ ಅವಳು ಫ್ಲೆಕ್ಸು ಮಾಡುವ ರೀತಿಯೇ ಬದಲಾಯಿತು. ಮುಖವನ್ನು ನಡುವೆ ಇಡದೆ ಒಂದು ತುದಿಗೆ ಸರಿಸಿದಳು. ಉಳಿದ ಜಾಗವೆಲ್ಲ ಮಾತಿನ ಗಿಡಕ್ಕೆ. ಎರಡರ ನಡುವೆ ಮೇಲಿಂದ ಕೆಳಗಿನವರೆಗೆ ಒಂದು ತೆಳು ಗೆರೆ. ತಗೊಂಡು ಹೋಗುವವರಿಗೆ ಹೇಳುತ್ತಿದ್ದಳು: “ತಿಥಿ ಆದ್ಮೇಲೆ ಈ ಗೆರೆ ಮೇಲೆ ಕತ್ತರಿಸ್ರಿ. ಮುಖ ಮನೇಲಿ ಇಟ್ಕೊಳ್ಳಿ. ಉಳಿದದ್ದು ಕೊಟ್ಟಿಗೆಗೆ ಹಾಕ್ತೀರೋ, ಹುಲ್ಲಿಗೆ ಹಾಕ್ತೀರೋ, ನಿಮ್ಮಿಷ್ಟ.” ಮೊದಮೊದಲು ಜನ ನಕ್ಕರು. ಆಮೇಲೆ ಹಳ್ಳಿಗಳ ಕಡೆ ಹೋದರೆ ನನಗೇ ಕಾಣತೊಡಗಿತು. ಬಚ್ಚಲ ಗೋಡೆಯಲ್ಲಿ ಹೊಂಗೆ, ಎಮ್ಮೆಯ ಬೆನ್ನ ಮೇಲೆ ಅವರೆ ಬಳ್ಳಿ, ಮುಖ ಎಲ್ಲೂ ಇಲ್ಲ.

ಅವಳ ಕಾಲೇಜಿನಲ್ಲಿ ಇದಕ್ಕೆ ಮೂಗು ಮುರಿದರಂತೆ. ಪ್ಲಾಸ್ಟಿಕ್ಕು ವಿಷ, ಇದನ್ನು ಡಿಸೈನ್ ಎನ್ನುತ್ತೀಯಾ ಎಂದು ಕೇಳಿದರಂತೆ. “ವಿಷಾನೇ ಸಾರ್. ನಮ್ಮೂರಲ್ಲಿ ಸತ್ತೋರು ಇರೋದು ಅದ್ರಲ್ಲೇ” ಎಂದು ಬಂದಿದ್ದಳು. ಕೊನೆಗೆ ಒಪ್ಪಿದರು. ಕೊನೆಯ ವರ್ಷದ ಪ್ರದರ್ಶನದಲ್ಲಿ ಅವಳಿಗೆ ಒಂದು ಕೋಣೆ ಕೊಡುತ್ತಾರೆಂದಾಯಿತು. ಮೂರು ಗೋಡೆಗೆ ನಮ್ಮ ತಾಲ್ಲೂಕಿನ ಸತ್ತವರ ಮಾತುಗಳು. ಎದುರಿನ ಗೋಡೆಯನ್ನು ಅಪ್ಪನಿಗೆ ಇಟ್ಟುಕೊಂಡಿದ್ದಳು. ಅಪ್ಪನ ಗಿಡ ಯಾವುದೆಂದು ಅವಳಿಗೆ ಗೊತ್ತಿತ್ತು. ತಂಗಡಿ. ಬೇಸಿಗೆಯಲ್ಲಿ ಕ್ರೇಟು ಹೊರುವಾಗ ಆತ ತಂಗಡಿ ಸೊಪ್ಪನ್ನು ಟವೆಲಿನ ಒಳಗಿಟ್ಟು ತಲೆಗೆ ಸುತ್ತುತ್ತಿದ್ದ, ತಂಪಿಗೆ. ಗೊತ್ತಿಲ್ಲದ್ದು ಮಾತು.

ಊರಿನವರ ಮಾತನ್ನೆಲ್ಲ ಕೇಳಿ ಗಿಡ ಮಾಡಿದವಳಿಗೆ ತನ್ನ ಅಪ್ಪನ ಬಾಯಲ್ಲಿ ಯಾವ ಮಾತಿತ್ತು ಎಂದು ನೆನಪಾಗಲಿಲ್ಲ. ಬೆಳಗಾಗುವ ಮೊದಲೇ ಹೋಗುವ ಮನುಷ್ಯ, ಬಂದಾಗ ಸುಸ್ತು. ತಾಯಿಯನ್ನು ಕೇಳಿದರೆ “ಅವ್ರೇನ್ ಮಾತಾಡ್ತಿದ್ರು, ಸುಮ್ನೆ ಇರ್ತಿದ್ರು” ಎಂದು ಎದ್ದು ಹೋಗುತ್ತಿದ್ದರು. ಆತ ಮೊದಲು ಕೆಲಸ ಮಾಡಿದ ಜಾಗಗಳಿಗೆಲ್ಲ ಬಸ್ಸಿನಲ್ಲಿ ಅಲೆದಳು. ಮಾಲೂರಿನ ಹೆಂಚಿನ ಕಾರ್ಖಾನೆಯವರಿಗೆ ಆತನ ಮುಖವೇ ಮರೆತಿತ್ತು. ಕುರುಡುಮಲೆ ಹತ್ತಿರ ಕಲ್ಲು ಪಾಲಿಶ್ ಮಾಡುವ ಕಡೆ ಒಬ್ಬ ಮುದುಕ “ಒಳ್ಳೆ ಮನುಷ್ಯನಮ್ಮಾ” ಎಂದ, ಅಷ್ಟೇ. ಉಳಿದದ್ದು ಮಂಡಿಯ ಹಮಾಲಿಗಳು. ಅವರಲ್ಲಿ ಅವಳು ಕೇಳದವರಿಲ್ಲ. ಅವರ ಮೇಸ್ತ್ರಿ, ಅಪ್ಪನ ಜೊತೆ ವರ್ಷಗಟ್ಟಲೆ ಹೆಗಲು ಕೊಟ್ಟವನು, “ಕಾನೀ ಕಾನೀ ಅಂತಿದ್ನಮ್ಮ” ಎಂದ, ಅಂದರೆ ನಡೀಲಿ ನಡೀಲಿ ಎಂದು. ಇನ್ನೊಬ್ಬ “ಹುಷಾರು ಅಂತಿದ್ದ” ಎಂದ. ಮತ್ತೊಬ್ಬ “ದೇವ್ರಿದ್ದಾನೆ” ಎಂದ.

“ಆಂಟಿ, ನಮ್ಮಪ್ಪ ಒಬ್ಬೊಬ್ಬರ ಹತ್ರ ಒಂದೊಂದು ತರ ಮಾತಾಡ್ತಿದ್ನಾ?” ಎಂದು ಒಂದು ದಿನ ಕೇಳಿದಳು. ಎಲ್ಲವನ್ನೂ ಹಾಕಿ ನೋಡಿದ್ದಳು. ತಂಗಡಿ ಬೆಳೆಯುತ್ತಿತ್ತು, ಚೆನ್ನಾಗಿಯೂ ಇರುತ್ತಿತ್ತು. ಅವಳು ಕೈ ಕಟ್ಟಿ ಕೂತು ನೋಡಿ “ಇದು ಅಪ್ಪ ಅಲ್ಲ” ಎಂದು ಅಳಿಸುತ್ತಿದ್ದಳು.

“ನಿನ್ ಹತ್ರ ಏನಂತಿದ್ದ?” ಎಂದೆ.

“ನನ್ ಹತ್ರ ಏನಂತಾನೆ, ಹೆಸರು ಹಿಡಿದು ಕರೀತಿದ್ದ. ಎಲ್ಲಾ ಅಪ್ಪಂದಿರೂ ಕರೀತಾರಲ್ಲ” ಎಂದಳು. ಆಮೇಲೆ, “ಬಿದ್ದ ದಿನ ನಾನೇ ಊಟ ತಗೊಂಡು ಹೋಗ್ತಿದ್ದೆ. ಮಂಡಿ ಗೇಟಿನ ಹತ್ರ ಇದ್ದೆ. ಹರಾಜಿನ ಗಲಾಟೆ. ಒಳಗೆ ಗುಂಪು ಸೇರಿತು. ಯಾರೋ ಬಿದ್ರು ಅಂತ ನಾನೂ ನೋಡೋಕೆ ಹೋದೆ” ಎಂದಳು. ಎಲೆಯ ನರ ತಡವುತ್ತಿದ್ದ ಬೆರಳು ನಿಂತಿತ್ತು. ಬನ್ನು ತರಿಸಿಕೊಟ್ಟೆ, ತಿಂದಳು.

ಅವಳದು ಒಂದು ನಿಯಮ ಇತ್ತು. ಅದನ್ನು ಹೇಳದೆ ಮುಂದಿನದು ಹೇಳಲಾಗದು. ನಮ್ಮ ಕಡೆ ಯಾರನ್ನಾದರೂ ಕೋಲಾರದ ಆಸ್ಪತ್ರೆಗೆ ಹಾಕಿ, ಡಾಕ್ಟರು ತಲೆ ಆಡಿಸಿದರೆಂದರೆ, ಹುಡುಗರು ಅಲ್ಲಿಂದಲೇ ಫೋನು ಮಾಡುತ್ತಾರೆ: ತಾರೀಕೊಂದು ಖಾಲಿ ಬಿಟ್ಟು ಫ್ಲೆಕ್ಸು ರೆಡಿ ಇಟ್ಟಿರಿ ಎಂದು. ಕೆಟ್ಟ ಮನಸ್ಸಿನಿಂದಲ್ಲ, ಹೆಣದ ಮುಂಚೆ ಫ್ಲೆಕ್ಸು ಊರು ಸೇರಬೇಕಲ್ಲ. ನಾನೂ ಎಷ್ಟೋ ಮಾಡಿಟ್ಟಿದ್ದೆ. ಒಂದಿಬ್ಬರು ಬದುಕಿ ಬಂದು ನನ್ನ ಅಂಗಡಿ ಮುಂದೆಯೇ ಎಳನೀರು ಕುಡಿದದ್ದೂ ಉಂಟು. ಇವಳು ಮಾತ್ರ ಮಾಡುತ್ತಿರಲಿಲ್ಲ. “ಉಸಿರಿರೋವರ್ಗೂ ನಾನು ಫೈಲ್ ತೆಗೆಯಲ್ಲ. ಅವ್ರು ಇನ್ನೂ ಏನಾದ್ರೂ ಅನ್ನಬಹುದು” ಎನ್ನುತ್ತಿದ್ದಳು. ಅವಳು ಬಂದ ಮೇಲೆ ನಮ್ಮ ಅಂಗಡಿಯಲ್ಲಿ ಆ ಕೆಲಸ ನಿಂತಿತ್ತು.

ಪ್ರದರ್ಶನ ಇನ್ನೇನು ಬಂತು ಎನ್ನುವಾಗ ಅವಳಿಗೆ ಜ್ವರ. ಮಾವಿನ ಕಾಲ ಮುಗಿಯುತ್ತಾ ಬಂದಿತ್ತು, ಮೊದಲ ಮಳೆಗಳು ಬಿದ್ದು ಎಲ್ಲೆಲ್ಲೂ ಸೊಳ್ಳೆ. ಊರಿಗೆ ಬಂದವಳು ಮೈಕೈ ನೋವು ಎಂದು ಮಲಗಿದಳು. ಡೆಂಗಿ ಎಂದು ಗೊತ್ತಾಗುವಷ್ಟರಲ್ಲಿ ಬಹಳ ತಡವಾಗಿತ್ತು. ಕೋಲಾರಕ್ಕೆ ಹಾಕಿದರು. ನಾನು ನೋಡಲು ಹೋದೆ. ತುಟಿ ಒಡೆದಿತ್ತು, ಕಣ್ಣು ಕೆಂಪಗೆ. “ಆಂಟಿ, ಗೋಡೆ ಖಾಲಿ ಇದೆ” ಎಂದಳು. “ಇರ್ಲಿ ಬಿಡೇ, ಎದ್ದು ಬಂದು ತುಂಬಿಸ್ತೀಯಂತೆ” ಎಂದೆ. “ಯಾರೂ ನಿಜ ಹೇಳ್ತಿಲ್ಲ ಅನ್ನಿಸ್ತದೆ ಆಂಟಿ” ಎಂದು ಕಣ್ಣು ಮುಚ್ಚಿದಳು. ಪಕ್ಕದಲ್ಲಿ ತಾಯಿ ಗೋಡೆಯ ಕಡೆ ತಿರುಗಿ ಕೂತಿದ್ದರು. ಸಂಕಟಕ್ಕೆ ಹಾಗೆ ಕೂತಿದ್ದಾರೆ ಎಂದುಕೊಂಡೆ.

ಎರಡು ದಿನಕ್ಕೆ ಅವಳ ಹಳ್ಳಿಯ ಹುಡುಗರ ಫೋನು ಬಂತು. “ಆಂಟಿ, ರೆಡಿ ಇಟ್ಕೊಂಡಿರಿ.”

“ಉಸಿರಿದೆಯೇನ್ಲಾ?”

“ಇದೆ ಆಂಟಿ, ಆದ್ರೆ ಡಾಕ್ಟ್ರು...”

“ಇದ್ರೆ ಫೋನ್ ಇಡು. ಇನ್ನೊಂದ್ ಸಲ ಮಾಡಿದ್ರೆ ನೋಡು” ಎಂದೆ. ಮಿಷನ್ನಿನ ಸ್ವಿಚ್ಚು ಆರಿಸಿದೆ. ಸ್ವಿಚ್ಚು ಆರಿಸಿದರೆ ಉಳಿಯುತ್ತಾಳೆ ಎನ್ನುವ ಹಾಗೆ ಬಾಗಿಲು ಎಳೆದುಕೊಂಡು ಒಳಗೇ ಕೂತೆ.

ಮಧ್ಯಾಹ್ನ ಬಾಗಿಲು ಬಡಿದದ್ದು ಮಂಡಿಯ ಮೇಸ್ತ್ರಿ. ತಲೆಯ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ನನಗೆ ಗೊತ್ತಾಯಿತು. ಕೂತು ಕಂಪ್ಯೂಟರು ಹಾಕಿದೆ. ಅವಳ ಹಾಗೆ ಮಾಡಲು ನನಗೆ ಬರುತ್ತದೆಯೇ ಎಂದು ಗೊತ್ತಿರಲಿಲ್ಲ, ಆದರೆ ಗಿಣಿ ಹಾಕುವುದಂತೂ ಸಾಧ್ಯವಿರಲಿಲ್ಲ. ಅವಳು ಕಲಿಸಿದ ಪ್ರಶ್ನೆಯನ್ನೇ ಕೇಳಿದೆ. “ಅವಳ ಬಾಯಲ್ಲಿ ಯಾವಾಗ್ಲೂ ಇರ್ತಿದ್ದ ಮಾತು ಯಾವ್ದಣ್ಣಾ?”

ಮೇಸ್ತ್ರಿ ನೆಲದ ಮೇಲೆ ಕುಕ್ಕರಿಸಿಬಿಟ್ಟ. “ಅಪ್ಪನ ಮಾತು ಯಾವ್ದು ಅಂತ ಕೇಳ್ತಿದ್ದದ್ದೇ ಅವಳ ಮಾತು ಅಕ್ಕಾ” ಎಂದ. “ನಾವೆಲ್ಲಾ ಸುಳ್ಳು ಹೇಳಿದ್ವಿ.”

ಆಮೇಲೆ ಹೇಳಿದ. ಆ ಮನುಷ್ಯನ ಬಾಯಲ್ಲಿ ಇದ್ದದ್ದು ಒಂದೇ ಮಾತು, ಮಗಳ ಹೆಸರು. ಕ್ರೇಟು ಎತ್ತುವಾಗ ಅದೇ, ಇಳಿಸುವಾಗ ಅದೇ. ಉಳಿದವರು ದೇವರ ಹೆಸರು ಹೇಳಿ ಎತ್ತಿದರೆ ಈತ ಅವಳ ಹೆಸರು ಹೇಳಿ ಎತ್ತುತ್ತಿದ್ದ. ಮಂಡಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಬಿದ್ದ ದಿನ ಲೋಡಿನ ಮೇಲಿದ್ದ. ಗೇಟಿನಲ್ಲಿ ಮಗಳು ಕ್ಯಾರಿಯರ್ ಹಿಡಿದು ಬರುವುದು ಕಂಡಿತು. ಎದ್ದು ನಿಂತು ಕೈಯೆತ್ತಿ ಅವಳ ಹೆಸರು ಕೂಗಿದ. ಕಾಲ ಕೆಳಗಿನ ಕ್ರೇಟು ಸರಿಯಿತು.

“ಅವಳಿಗೆ ಕೇಳಿಸ್ಲಿಲ್ಲ. ಕೇಳಿಸ್ದೇ ಇದ್ದದ್ದು ಒಳ್ಳೇದಾಯ್ತು ಅಂತ ಅವಳಮ್ಮ ನಮ್ ಕೈಲೆಲ್ಲಾ ಭಾಷೆ ತಗೊಂಡ್ರು. ನನ್ನಿಂದಾನೇ ಅಪ್ಪ ಹೋದ ಅಂತ ಮಗು ಹಚ್ಕೊಂಡ್ಬಿಡ್ತದೆ, ಹೇಳ್ಬೇಡಿ ಅಂದ್ರು. ಆತನ ಮಾತು ಅದು ಅಂದ್ರೆ, ಕೊನೇಲಿ ಏನಂದ ಅಂತ ಕೇಳೇ ಕೇಳ್ತಾಳೆ ಅಲ್ವಾ? ಅದಕ್ಕೆ ಬಾಯಿಗೆ ಬಂದದ್ದು ಹೇಳಿದ್ವಿ. ಏಮ್ ಚೇಸೇದಿ ಅಕ್ಕಾ, ಏನ್ ಮಾಡೋದು?”

ಅವಳಿಗೆ ಒಳ್ಳೆಯದಾಗಲಿ ಎಂದೇ ಊರೆಲ್ಲ ಸೇರಿ ಅವಳ ಅಪ್ಪನನ್ನು ಅವಳಿಂದ ಮುಚ್ಚಿಟ್ಟಿತ್ತು. ಯಾರನ್ನು ಬೈಯಲಿ? ಬೈಯಬೇಕು ಎಂದು ಬಾಯಿ ತೆರೆದೆ, ಅಳು ಬಂತು.

ಅತ್ತು ಮುಗಿದ ಮೇಲೆ ಫೋನು ಅವನ ಮುಂದೆ ಹಿಡಿದೆ. “ಹೆಂಗ್ ಕೂಗಿದ ಅಂತ ಕೂಗಿ ತೋರ್ಸಣ್ಣಾ” ಎಂದೆ. ಆಗಲ್ಲ ಎಂದ. ಟವೆಲಿನಲ್ಲಿ ಮುಖ ಒರೆಸಿಕೊಂಡ. ಆಮೇಲೆ ಎದ್ದು ನಿಂತ. ಲೋಡಿನ ಮೇಲೆ ನಿಂತವನ ಹಾಗೆ ಕೈಯೆತ್ತಿ, ಗೇಟಿನವರೆಗೆ ಕೇಳುವ ಹಾಗೆ, ಆ ಹೆಸರನ್ನು ಕೂಗಿದ. ಎದುರಿನ ಚಿಲ್ಲರೆ ಅಂಗಡಿಯವರು ಹೊರಗೆ ಬಂದು ನೋಡಿದರು.

ಅವಳು ಕಂಪ್ಯೂಟರಿನಲ್ಲಿ ಕಟ್ಟಿಟ್ಟಿದ್ದರಲ್ಲಿ ಆ ಕೂಗನ್ನು ಹಾಕಿದೆ. ತಂಗಡಿ ಎಲೆ ಅವಳೇ ಇಟ್ಟಿದ್ದಳು. ಕೊಂಬೆ ಬುಡದಿಂದ ನೆಟ್ಟಗೆ ಮೇಲೆದ್ದು, ತುದಿಯಲ್ಲಿ ಅಷ್ಟುದ್ದ ಬಾಗಿ ಫ್ಲೆಕ್ಸಿನ ಅಂಚು ಮುಟ್ಟಿತು. ಅವಳು ಇದ್ದಿದ್ದರೆ ಕೈ ಕಟ್ಟಿ ಕೂತು ನೋಡುತ್ತಿದ್ದಳು, ಅಳಿಸುತ್ತಿರಲಿಲ್ಲ. ಒಂದು ತುದಿಗೆ ಅವಳ ಮುಖ ಇಟ್ಟೆ. ನಡುವೆ ಗೆರೆ ಎಳೆದೆ.

ಕಾಲೇಜಿನಲ್ಲಿ ಆ ಗೋಡೆಯನ್ನು ಖಾಲಿಯಾಗೇ ಬಿಟ್ಟು ಪ್ರದರ್ಶನ ನಡೆಸಿದರಂತೆ. ನಾನು ಹೋಗಲಿಲ್ಲ.

ತಿಥಿ ಕಳೆದ ಮೇಲೆ ಕಾಗದ ತರಲೆಂದು ಮಂಡಿಯ ಕಡೆ ಹೋಗಿದ್ದೆ. ಕೊನೆಯ ಮಾವಿನ ಲೋಡುಗಳು ಆಂಧ್ರದ ಕಡೆ ಹೊರಟಿದ್ದವು. ಒಂದು ಲಾರಿಯ ಕ್ರೇಟುಗಳ ಮೇಲೆ ಮೇಸ್ತ್ರಿ ನಿಂತು ಹಗ್ಗ ಬಿಗಿಯುತ್ತಿದ್ದ. ಅವನ ಕಾಲ ಕೆಳಗೆ ಹೊದಿಸಿದ್ದ ಫ್ಲೆಕ್ಸಿನ ಮೇಲೆ ತಂಗಡಿ ಕೊಂಬೆ. ಒಂದು ಅಂಚು ಮಾತ್ರ ನೆಟ್ಟಗೆ ಕತ್ತರಿಸಿತ್ತು.

ನನ್ನನ್ನು ನೋಡಿ ಕೆಳಗಿಳಿದು ಬಂದ. “ಅವಳಮ್ಮಾನೇ ಕತ್ರಿಸಿ ಕೊಟ್ರಕ್ಕಾ. ಮುಖ ಅವ್ರ ಹತ್ರ ಐತೆ. ಆ ಹೆಸರು ಇನ್ ಯಾರೂ ಕರೀಬೇಡ್ರಿ, ಅವಳಪ್ಪ ಹೊರ್ತಿದ್ದ ಲೋಡಿನ ಮೇಲೆ ಹೊದಿಸ್ಬಿಡ್ರಿ ಅಂದ್ರು” ಎಂದ.

ಲಾರಿ ಹೊರಟಿತು. ಹರಾಜಿನ ಗಲಾಟೆಯಲ್ಲಿ ಯಾರೂ ತಲೆಯೆತ್ತಿ ನೋಡಲಿಲ್ಲ. ಅವಳು ಊಟದ ಕ್ಯಾರಿಯರ್ ಹಿಡಿದು ನಿಂತಿದ್ದ ಗೇಟನ್ನು ದಾಟಿ, ಗೌನಿಪಲ್ಲಿ ರಸ್ತೆಗೆ ತಿರುಗಿತು.